ರಾತ್ರಿ ಪಾಳಿಯ ನರ್ಸಿಗೆ ಅನುಮಾನಿಸಲು ಕಲಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಶುಶ್ರೂಷಾಧಿಕಾರಿಗಳಿಗೆ ಜೈವಿಕ ಅಪಾಯಗಳನ್ನು ಗುರುತಿಸುವ, ಎದುರಿಸುವ ತರಬೇತಿ ನೀಡುವ ಬಗ್ಗೆ.

ಮಾನ್ಯರೇ,

ಕಲಬುರಗಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ಶುಶ್ರೂಷಾಧಿಕಾರಿ ನಾನು. ಕೆಲಸಕ್ಕೆ ಸೇರಿದಾಗ ನಮ್ಮನ್ನು ಸ್ಟಾಫ್ ನರ್ಸ್ ಎನ್ನುತ್ತಿದ್ದರು. ಜನ ಅಂದೂ ಇಂದೂ ಸಿಸ್ಟರ್ ಎಂದೇ ಕರೆಯುತ್ತಾರೆ. ಸೇವೆಯಲ್ಲಿದ್ದಾಗ ಹೀಗೆ ಬಹಿರಂಗವಾಗಿ ಬರೆಯಲು ನಿಯಮ ಅಡ್ಡಿಯಾಗಿತ್ತು. ಈಗ ಆ ಅಡ್ಡಿಯಿಲ್ಲ, ಬರೆಯದೆ ಇದ್ದರೆ ನಿದ್ದೆಯೂ ಇಲ್ಲ. ತಮ್ಮ ಸಮಯ ಅಮೂಲ್ಯವೆಂದು ಬಲ್ಲೆ. ಆದರೂ ಈ ಪತ್ರವನ್ನು ಕೊನೆಯವರೆಗೆ ಓದಬೇಕೆಂದು ಕೈಮುಗಿದು ಕೇಳುತ್ತೇನೆ.

ನನ್ನ ಒಂದು ರಾತ್ರಿ ಪಾಳಿಯಿಂದ ಶುರು ಮಾಡುತ್ತೇನೆ.

ಆಗಷ್ಟೇ ಮುಂಗಾರು ಹಿಡಿದಿತ್ತು. ರಾತ್ರಿ ಒಂಬತ್ತರ ಮೇಲೆ ಶಹಾಪುರದ ಕಡೆಯ ಕುರಿಗಾಹಿಯೊಬ್ಬರು ಮಗನನ್ನು ಜೊತೆ ಮಾಡಿಕೊಂಡು ಬಂದರು. ವಯಸ್ಸು ಅರವತ್ತರ ಆಸುಪಾಸು. ಕುರಿ ಮೇಯಿಸುತ್ತ ನಮ್ಮ ತಾಲ್ಲೂಕಿನವರೆಗೂ ಬಂದು ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದ್ದರಂತೆ. ಬಲ ಮುಂಗೈಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು. ನಡುವೆ ಸುಟ್ಟ ತೊಗಲಿನಂತೆ ಕಪ್ಪಾಗಿ ಗಟ್ಟಿಯಾದ ಹಕ್ಕಳೆ, ಅದರ ಅಂಚಿಗೆ ಸಣ್ಣ ನೀರುಗುಳ್ಳೆಗಳು, ಅಲ್ಲಿಂದ ಮೊಣಕೈವರೆಗೂ ಊತ. ಅಷ್ಟು ಊದಿದ ಕೈಯನ್ನು ಒತ್ತಿ ನೋಡಿದರೂ ಅವರ ಮುಖ ಬದಲಾಗಲಿಲ್ಲ. ‘ನೋವಾಗುವುದಿಲ್ಲವೇ ಕಾಕಾ?’ ಎಂದೆ. ‘ನೋವೇ ಇಲ್ಲ ತಾಯಿ, ಮೊದಲು ತುರಿಕೆ ಇತ್ತು, ಅಷ್ಟೇ. ಜಾಲಿ ಮುಳ್ಳು ತಾಗಿರಬೇಕು’ ಎಂದರು.

ಸಲೈನ್ ಹಾಕಿ ತೊಳೆದೆ. ಡ್ರೆಸಿಂಗ್ ಮಾಡಿದೆ. ಟಿಟಿ ಚುಚ್ಚುಮದ್ದು ಕೊಟ್ಟೆ. ವೈದ್ಯರು ಫೋನಿನಲ್ಲಿ ಹೇಳಿದ ಮಾತ್ರೆಗಳನ್ನು ಎಣಿಸಿ ಕೊಟ್ಟೆ. ಕೇಸ್ ಶೀಟಿನಲ್ಲಿ ‘ಉದ್ಯೋಗ’ ಎಂದಿದ್ದ ಕಡೆ ‘ಕೂಲಿ’ ಎಂದು ಬರೆದೆ. ನಮ್ಮಲ್ಲಿ ಎಲ್ಲರ ಉದ್ಯೋಗವೂ ಕೂಲಿಯೇ. ಆ ಸಾಲನ್ನು ಕೇಳಿ ತುಂಬುವ ರೂಢಿಯೇ ಇಲ್ಲ. ಆಮೇಲೆ ಕೈಗೆ ಎಂದಿನಂತೆ ಸ್ಯಾನಿಟೈಸರ್ ಉಜ್ಜಿಕೊಂಡು ಒಳಗಿನ ವಾರ್ಡಿನ ಬಾಣಂತಿಯ ಹತ್ತಿರ ಹೋದೆ. ಹೊರಡುವಾಗ ಆ ಹುಡುಗ ಬಾಗಿಲ ಬಳಿ ನಿಂತು, ‘ವಾರದ ಹಿಂದೆ ಸತ್ತ ಕುರಿಯ ತೊಗಲು ಸುಲಿದಿದ್ದರು, ಆಮೇಲೆ ಇನ್ನೂ ನಾಲ್ಕು ಕುರಿ ಸತ್ತವು’ ಎಂದ. ಕುರಿ ಸತ್ತ ನಷ್ಟದ ಮಾತೆಂದು ತಿಳಿದು ‘ಅಯ್ಯೋ ಪಾಪ’ ಎಂದೆ. ಮರೆತೆ.

ಎಷ್ಟೋ ತಿಂಗಳ ಮೇಲೆ ಪರಿಚಯದ ಪಶುವೈದ್ಯರೊಬ್ಬರು ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಕುರಿ ದನಗಳಿಂದ ಮನುಷ್ಯರಿಗೆ ಅಂಟುವ ಆಂಥ್ರಾಕ್ಸ್ ಎಂಬ ರೋಗ ಚರ್ಮಕ್ಕೆ ತಗುಲಿದಾಗ ಆಗುವ ಹುಣ್ಣಿನ ಚಿತ್ರ. ನಡುವೆ ಕಪ್ಪು ಹಕ್ಕಳೆ, ಅಂಚಿಗೆ ನೀರುಗುಳ್ಳೆ, ಸುತ್ತ ಊತ, ನೋವಿಲ್ಲ. ನನ್ನ ಕೈ ತಣ್ಣಗಾಯಿತು. ಆ ಕಾಕಾ ಗುಣವಾದರೆಂದು ಮುಂದೆ ಅವರ ಊರಿನವರಿಂದಲೇ ತಿಳಿಯಿತು, ದೇವರು ದೊಡ್ಡವನು. ಅದು ಆಂಥ್ರಾಕ್ಸ್ ಆಗಿತ್ತೆಂದು ನಾನು ಹೇಳುತ್ತಿಲ್ಲ. ಮಾದರಿ ತೆಗೆದಿರಲಿಲ್ಲ, ಆದ್ದರಿಂದ ಆಗಿತ್ತೆಂದಾಗಲಿ ಆಗಿರಲಿಲ್ಲವೆಂದಾಗಲಿ ಇನ್ನು ಯಾರೂ ಹೇಳಲಾರರು. ಉಳಿದ ನಾಲ್ಕು ಕುರಿಗಳನ್ನು ಯಾರು ಸುಲಿದರು, ಮಾಂಸ ಯಾರ ಮನೆಯ ಒಲೆಯ ಮೇಲೆ ಬೆಂದಿತು, ಮಿಕ್ಕಿದ್ದನ್ನು ಯಾವ ಹಳ್ಳಕ್ಕೆ ಎಸೆದರು ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ನನ್ನ ದೂರು ಇದೇ.

ನನ್ನ ತಪ್ಪನ್ನು ನಾನು ಮುಚ್ಚಿಕೊಳ್ಳುತ್ತಿಲ್ಲ. ಆದರೆ ಆ ರಾತ್ರಿ ನಾನು ಮಾಡಿದ ಒಂದೊಂದು ತಪ್ಪೂ ಅರ್ಧ ದಿನದ ತರಬೇತಿಯಿಂದ ತಪ್ಪುವಂಥದ್ದು. ಆಂಥ್ರಾಕ್ಸ್ ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜಾಣುವಾಗಿ ಬದುಕುತ್ತದೆ. ನಾವೆಲ್ಲ ನಂಬಿಕೊಂಡಿರುವ ಆಲ್ಕೋಹಾಲಿನ ಸ್ಯಾನಿಟೈಸರ್ ಆ ಬೀಜಾಣುವನ್ನು ಕೊಲ್ಲುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದರೆ ಮಾತ್ರ ಅದು ಕೈ ಬಿಟ್ಟು ಹೋಗುತ್ತದೆ. ಚರ್ಮದ ಆಂಥ್ರಾಕ್ಸಿಗೆ ಚಿಕಿತ್ಸೆ ಸಿಗದಿದ್ದರೆ ಐವರಲ್ಲಿ ಒಬ್ಬರು ಸಾಯಬಹುದು. ಸರಿಯಾದ ಆ್ಯಂಟಿಬಯೋಟಿಕ್ ಸಕಾಲಕ್ಕೆ ಸಿಕ್ಕರೆ ಸಾವು ತೀರ ಅಪರೂಪ. ಆ ಔಷಧ ನಮ್ಮ ಆಸ್ಪತ್ರೆಯ ಔಷಧಾಲಯದಲ್ಲಿಯೇ ಇತ್ತು. ಇರದಿದ್ದುದು ಅನುಮಾನ ಒಂದೇ.

‘ಜೈವಿಕ ಅಪಾಯ’ ಎಂದೊಡನೆ ಕೆಲವು ಅಧಿಕಾರಿಗಳು ಅದು ಗಡಿಯ, ಸೈನ್ಯದ, ಅಥವಾ ದೆಹಲಿಯ ವಿಷಯವೆಂದು ತಿಳಿಯುತ್ತಾರೆ. ರೋಗಾಣುವನ್ನು ಕುರಿ ತಂದಿತೇ, ಬಾವಲಿ ತಂದಿತೇ, ಪ್ರಯೋಗಾಲಯದಿಂದ ಸೋರಿತೇ, ಇಲ್ಲ ಯಾವನೋ ಪಾಪಿ ಬೇಕೆಂದೇ ಹರಡಿದನೇ ಎಂಬುದನ್ನು ಪೊಲೀಸರೂ ವಿಜ್ಞಾನಿಗಳೂ ಆಮೇಲೆ ಪತ್ತೆ ಮಾಡಲಿ. ರೋಗಿ ನಮ್ಮ ಮುಂದೆ ಬರುವಾಗ ಜ್ವರ, ಗುಳ್ಳೆ, ಉಬ್ಬಸ ಎಂದಷ್ಟೇ ಬರುತ್ತಾನೆ. ಮೂಲ ಯಾವುದಾದರೂ ಮೊದಲು ಮುಟ್ಟುವ ಕೈ ನರ್ಸಿನದು.

2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ತುಂಬಿ ಕಳುಹಿಸಿದಾಗ 22 ಮಂದಿಗೆ ರೋಗ ತಗುಲಿತು, ಐವರು ಸತ್ತರು. ನ್ಯೂಯಾರ್ಕಿನ ಏಳು ತಿಂಗಳ ಮಗುವೊಂದರ ತೋಳಿನ ಹುಣ್ಣನ್ನು ಅಲ್ಲಿನ ವೈದ್ಯರು ಮೊದಲು ಜೇಡ ಕಚ್ಚಿದ ಗಾಯವೆಂದೇ ತಿಳಿದಿದ್ದರು. ಇದನ್ನು ಓದಿದಾಗ ನನಗೆ ಜಾಲಿ ಮುಳ್ಳಿನ ಮಾತು ನೆನಪಾಯಿತು. ವಾಷಿಂಗ್ಟನ್ನಿನ ಅಂಚೆ ನೌಕರರೊಬ್ಬರನ್ನು ಹೊಟ್ಟೆಯ ತೊಂದರೆಯೆಂದು ತುರ್ತು ಚಿಕಿತ್ಸಾ ಘಟಕದಿಂದ ಮನೆಗೆ ಕಳುಹಿಸಿದ್ದರು; ಮರುದಿನ ಅವರು ತೀರಿಕೊಂಡರು. ಅವರು ಅಂಚೆಯವರು ಎಂಬ ಒಂದು ಸಂಗತಿ ಆ ವಾರ ಎಲ್ಲಕ್ಕಿಂತ ದೊಡ್ಡ ಸುಳಿವಾಗಿತ್ತು. ಹಣ, ಯಂತ್ರ, ಪ್ರಯೋಗಾಲಯ ಎಲ್ಲ ಇದ್ದ ದೇಶದಲ್ಲಿಯೇ ಇಷ್ಟು. ನಮ್ಮ ಕೇಸ್ ಶೀಟುಗಳಲ್ಲಿ ಕುರಿಗಾಹಿಯೂ ಕೂಲಿ, ಕಟುಕನೂ ಕೂಲಿ, ತೊಗಲು ಹದ ಮಾಡುವವನೂ ಕೂಲಿ, ಹೈದರಾಬಾದಿನಲ್ಲಿ ಕೆಲಸ ಮಾಡಿ ನಿನ್ನೆ ಊರಿಗೆ ಬಂದವನೂ ಕೂಲಿ.

ನಮ್ಮ ದೇಶದ ಅನುಭವವೇ ಸಾಕಷ್ಟಿದೆ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಜನರಿಗೆ ಕಾಣಿಸಿಕೊಂಡ ಜ್ವರ 45 ಮಂದಿಯನ್ನು ಕೊಂದಿತು. ರೋಗ ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇ. ಅದು ಬಾವಲಿಗಳಿಂದ ಬರುವ ನಿಪಾ ವೈರಸ್ ಎಂದು ತಿಳಿಯಲು ವರ್ಷಗಳೇ ಹಿಡಿದವು. 2011ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ಕ್ರಿಮಿಯನ್ ಕಾಂಗೋ ರಕ್ತಸ್ರಾವ ಜ್ವರ ದೇಶದಲ್ಲಿ ಮೊದಲ ಬಾರಿಗೆ ದೃಢಪಟ್ಟಾಗ, ರೋಗಿಯೊಂದಿಗೆ ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರೂ ನರ್ಸೂ ಪ್ರಾಣ ಬಿಟ್ಟರು. ಆ ಜ್ವರವನ್ನು ಹರಡುವುದು ದನ, ಕುರಿ, ಆಡುಗಳ ಮೈಮೇಲಿನ ಉಣ್ಣಿ. ಉಣ್ಣಿ ಇಲ್ಲದ ಕೊಟ್ಟಿಗೆ ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಿದೆ? 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ನಿಪಾ ರೋಗಿಯ ಆರೈಕೆ ಮಾಡಿ ತಾವೂ ನಿಪಾದಿಂದ ಸತ್ತರು. ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲ ಅದು, ತಾಲ್ಲೂಕು ಆಸ್ಪತ್ರೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಅದೇ ನಿಪಾವನ್ನು ಅಲ್ಲಿ ಬೇಗ ಹಿಡಿಯಲು ಸಾಧ್ಯವಾದದ್ದು, ಒಂದೇ ಮನೆಯಲ್ಲಿ ಒಬ್ಬರ ಹಿಂದೊಬ್ಬರು ಹೀಗೆ ಕಾಯಿಲೆ ಬೀಳುವುದು ಸಹಜವಲ್ಲ ಎಂದು ವೈದ್ಯರಿಗೆ ಅನುಮಾನ ಬಂದು, ಮಾದರಿಯನ್ನು ನಮ್ಮ ಮಣಿಪಾಲಕ್ಕೆ ಕಳುಹಿಸಿದ್ದರಿಂದ.

ಇನ್ನು ನಮ್ಮ ಊರಿನದು. ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯವರದು. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರು ತೀರಿಕೊಂಡರು. ಕೋವಿಡ್ ಎಂದು ಖಚಿತವಾದದ್ದು ಎರಡು ದಿನದ ಮೇಲೆ. ಅಷ್ಟರಲ್ಲಿ ಅವರನ್ನು ಹೈದರಾಬಾದಿಗೆ ಒಯ್ದು ಮರಳಿ ತರಲಾಗಿತ್ತು. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರಿಗೂ ಸೋಂಕು ತಗುಲಿತು. ಯಾರನ್ನೂ ದೂರಲು ಇದನ್ನು ನೆನಪಿಸುತ್ತಿಲ್ಲ, ಆಗ ಎಲ್ಲರಿಗೂ ಎಲ್ಲವೂ ಹೊಸದು. ಆದರೆ ಇಡೀ ದೇಶಕ್ಕಿಂತ ಮೊದಲು ಪೆಟ್ಟು ತಿಂದ ಊರು, ಪಾಠವನ್ನೂ ಮೊದಲು ಕಲಿಯಬೇಕಿತ್ತಲ್ಲವೇ?

ಪಾಠ ಹೇಗೆ ನಡೆಯಿತೆಂದು ಹೇಳುತ್ತೇನೆ. ಯಾವ ಆಸ್ಪತ್ರೆ, ಯಾವ ಅಧಿಕಾರಿ ಎಂದು ಬರೆಯುವುದಿಲ್ಲ, ಅದರಿಂದ ಪ್ರಯೋಜನವೂ ಇಲ್ಲ. ಒಂದು ಸಭಾಂಗಣ. ನಾಲ್ಕೈದು ತಾಲ್ಲೂಕುಗಳಿಂದ ಬಂದ ಅರವತ್ತು ನರ್ಸುಗಳು, ಅರ್ಧಕ್ಕರ್ಧ ಮಂದಿ ರಾತ್ರಿ ಪಾಳಿ ಮುಗಿಸಿ ಹಾಗೆಯೇ ಬಸ್ ಹತ್ತಿದವರು. ಪರದೆಯ ಮೇಲೆ ಇಂಗ್ಲಿಷಿನ ಸ್ಲೈಡುಗಳು ಒಂದರ ಹಿಂದೊಂದು ಓಡಿದವು. ಪಿಪಿಇ ಕಿಟ್ ಇದ್ದದ್ದು ಒಂದೇ. ಮುಂದಿನ ಸಾಲಿನ ಒಬ್ಬಳಿಗೆ ಅದನ್ನು ತೊಡಿಸಿದರು, ಎಲ್ಲರೂ ಫೋಟೊ ತೆಗೆದುಕೊಂಡರು. ಕಳಚುವ ಹೊತ್ತಿಗೆ ಊಟದ ಸಮಯವಾಗಿತ್ತು. ಆ ಹುಡುಗಿ ಪಕ್ಕದ ಕೋಣೆಗೆ ಹೋಗಿ ತಾನೇ ಕಳಚಿಕೊಂಡು ಬಂದಳು. ಮಧ್ಯಾಹ್ನ ಹಾಜರಿಗೆ ಸಹಿ, ಪ್ರಮಾಣಪತ್ರ. ನನ್ನ ಕಡತದಲ್ಲಿ ಇಂಥ ಪ್ರಮಾಣಪತ್ರಗಳು ಏಳಿವೆ.

ಸೋಂಕು ತಗುಲುವುದು ತೊಡುವಾಗಲ್ಲ, ಕಳಚುವಾಗ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. 2020ರ ಮೇ ತಿಂಗಳ ಕಲಬುರಗಿಯ ಬಿಸಿಲು ಹೇಗಿತ್ತೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಆ ಪ್ಲಾಸ್ಟಿಕ್ ನಿಲುವಂಗಿಯೊಳಗೆ ಆರು ತಾಸು ಕಳೆದ ಮೇಲೆ ಕೈಗವಸಿನ ಬೆರಳುಗಳಲ್ಲಿ ಬೆವರು ತುಂಬಿ ನೀರಿನ ಬಲೂನಿನಂತಾಗುತ್ತಿತ್ತು. ಕನ್ನಡಕ ಮಬ್ಬಾಗಿ ರಕ್ತನಾಳ ಕಾಣದೆ ಬೆರಳಿನಿಂದ ತಡವಿ ಸೂಜಿ ಹಾಕಿದ್ದೇವೆ. ಹೊರಬಂದಾಗ ಮನಸ್ಸಿಗೆ ಇರುತ್ತಿದ್ದುದು ಒಂದೇ ಆಸೆ, ಯಾವಾಗ ಇದನ್ನು ಕಿತ್ತೆಸೆದೇನು ಎಂದು. ನನ್ನ ಜೊತೆಯ ಒಬ್ಬಳು ಹಾಗೆ ಅವಸರದಲ್ಲಿ ಕೈಗವಸು ಕಳಚದೆಯೇ ಮೊದಲು ಮಾಸ್ಕಿನ ದಾರಕ್ಕೆ ಕೈ ಹಾಕಿದಳು. ಎದುರಿಗೆ ನಿಂತು ‘ನಿಲ್ಲು, ಮೊದಲು ಕೈಗವಸು’ ಎನ್ನುವವರು ಯಾರೂ ಇರಲಿಲ್ಲ. ಐದನೆಯ ದಿನ ಅವಳಿಗೆ ಜ್ವರ ಬಂತು. ಅವಳಿಗೆ ಸೋಂಕು ಆ ಗಳಿಗೆಯಲ್ಲೇ ತಗುಲಿತೆಂದು ಹೇಳಲು ಬಾರದು. ಆದರೆ ಕಳಚುವಾಗ ಎದುರಿಗೊಬ್ಬರು ನಿಂತು ನೋಡುತ್ತಿರಬೇಕೆಂಬ ನಿಯಮ ಪುಸ್ತಕದಲ್ಲಿ ಇದೆ, ವಾರ್ಡಿನಲ್ಲಿ ಇರಲಿಲ್ಲ.

ಪುಸ್ತಕದಲ್ಲಿ ಬಹಳ ಇದೆ, ಮಾನ್ಯರೇ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಜೈವಿಕ ವಿಪತ್ತುಗಳ ನಿರ್ವಹಣೆಗೆಂದೇ 2008ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಒಂದು ಪ್ರತಿಯನ್ನೂ ನಾನು ಕೆಲಸ ಮಾಡಿದ ಯಾವ ಆಸ್ಪತ್ರೆಯಲ್ಲೂ ಕಂಡವಳಲ್ಲ. ನರ್ಸಿಂಗ್ ಪಠ್ಯದಲ್ಲಿ ವಿಪತ್ತು ನಿರ್ವಹಣೆಯ ಅಧ್ಯಾಯವಿದೆ. ಹುಡುಗಿಯರು ಬಾಯಿಪಾಠ ಮಾಡಿ ಬರೆದು ಪಾಸಾಗುತ್ತಾರೆ. ಸಿಡುಬಿಗೂ ನೀರುಕೋಟಲೆಗೂ (ಚಿಕನ್‌ಪಾಕ್ಸ್) ಏನು ವ್ಯತ್ಯಾಸ ಎಂದು ನನ್ನ ಕೈಕೆಳಗೆ ಹೊಸದಾಗಿ ಬಂದವರನ್ನು ಕೇಳುತ್ತಿದ್ದೆ. ಸಿಡುಬು 1980ರಲ್ಲೇ ಜಗತ್ತಿನಿಂದ ಹೋಯಿತಲ್ಲ ಸಿಸ್ಟರ್, ಅದೇಕೆ ಈಗ, ಎನ್ನುತ್ತಿದ್ದರು. ಹೋಗಿದೆ ನಿಜ. ಆದರೆ ಅದರ ವೈರಸ್ ಅಮೆರಿಕ ಮತ್ತು ರಷ್ಯಾದ ಎರಡು ಪ್ರಯೋಗಾಲಯಗಳಲ್ಲಿ ಇಂದಿಗೂ ಇದೆ. ಗುಳ್ಳೆಗಳು ಮುಖ, ಕೈಕಾಲುಗಳಲ್ಲಿ ಹೆಚ್ಚಾಗಿ, ಅಂಗೈ ಅಂಗಾಲಿನಲ್ಲೂ ಎದ್ದು, ಒಂದು ಜಾಗದವೆಲ್ಲ ಒಂದೇ ಹಂತದಲ್ಲಿದ್ದರೆ ಎಚ್ಚರ. ಹೊಟ್ಟೆ ಬೆನ್ನಿನ ಮೇಲೆ ಹೆಚ್ಚಾಗಿ, ಕೆಲವು ಹಸಿ ಕೆಲವು ಒಣಗಿದ್ದರೆ ಅದು ನೀರುಕೋಟಲೆ. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ನಮ್ಮ ಅಜ್ಜಿಯರ ಕಾಲದವರಿಗೆ ಇದು ಕಣ್ಣಿಗೇ ಗೊತ್ತಿತ್ತು.

ಅಜ್ಜಿಯ ಮಾತು ಬಂತು, ಅದಕ್ಕೆ ಒಂದು ನೆನಪು. ಹಿಂದೆ ಊರಿನಲ್ಲಿ ‘ಇಲಿ ಬಿತ್ತು’ ಎಂದರೆ ಸಾಕು, ಜನ ಮನೆಗಳನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಅಕ್ಷರ ಬಾರದ ಜನರಿಗೆ ಪ್ಲೇಗಿನ ಮುನ್ಸೂಚನೆ ತಿಳಿದಿತ್ತು, ಏನು ಮಾಡಬೇಕೆಂದೂ ತಿಳಿದಿತ್ತು. ನಾನು ಕೆಲಸಕ್ಕೆ ಸೇರಿದ ಮರುವರ್ಷ, 1994ರಲ್ಲಿ, ಬೀದರಿನಿಂದ ಹೆಚ್ಚು ದೂರವಿಲ್ಲದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಮೊದಲು, ಆಮೇಲೆ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿತು. ಸೂರತ್‌ನಿಂದ ಲಕ್ಷಗಟ್ಟಲೆ ಜನ ರೈಲು ಹತ್ತಿ ಓಡಿದರು. ನಮ್ಮ ಆಸ್ಪತ್ರೆಯಲ್ಲಿ ಆಗ ಟೆಟ್ರಾಸೈಕ್ಲಿನ್ ಡಬ್ಬಿಗಳನ್ನು ಬೀಗ ಹಾಕಿ ಇಟ್ಟರು. ನಮಗೆ ಯಾರೂ ಏನನ್ನೂ ಹೇಳಲಿಲ್ಲ. ಶ್ವಾಸಕೋಶದ ಪ್ಲೇಗ್ ಕೆಮ್ಮಿನಿಂದ ಹರಡುತ್ತದೆ, ಕೆಮ್ಮುವವರಿಗೆ ಮೊದಲು ಮಾಸ್ಕ್ ಕೊಟ್ಟು ಬೇರೆ ಕೂರಿಸಬೇಕು ಎಂಬುದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ನಾನೇ ಓದಿಕೊಂಡು.

ಈ ಮೂರು ಜಿಲ್ಲೆಗಳಿಗೇ ಏಕೆ ಕೇಳುತ್ತಿದ್ದೇನೆ ಎಂದು ತಾವು ಪ್ರಶ್ನಿಸಬಹುದು. ನಮ್ಮ ಬದುಕು ಕುರಿ, ಆಡು, ಎಮ್ಮೆಗಳ ಜೊತೆಗಿನದು. ಮರಿ ಹಾಕುವ ಆಡಿಗೆ ಹೆಂಗಸರು ಬರಿಗೈಯಲ್ಲೇ ಹೆರಿಗೆ ಮಾಡಿಸುತ್ತಾರೆ, ಹಸಿ ಹಾಲು ಕುಡಿಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು, ರಾತ್ರಿ ಬೆವರು ಎಂದು ನಮ್ಮ ಬಳಿ ಬರುತ್ತಾರೆ. ನಾವು ಟೈಫಾಯಿಡ್, ಮಲೇರಿಯ ಎಂದು ಪರೀಕ್ಷೆ ಮಾಡಿಸಿ ಕಳುಹಿಸುತ್ತೇವೆ, ಬ್ರುಸೆಲ್ಲೋಸಿಸ್ ಎಂಬ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಆಂಥ್ರಾಕ್ಸಿನ ಬೀಜಾಣು ಸುಣ್ಣದ ಅಂಶವಿರುವ ಕ್ಷಾರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಬರಗಾಲದ ಮೇಲೆ ಮಳೆ ಬಿದ್ದಾಗ ಮೇಲೆದ್ದು ಬರುತ್ತದೆ. ನಮ್ಮದು ಎರೆ ಮಣ್ಣಿನ ನಾಡು, ಬರವೂ ನಮಗೆ ಹೊಸದಲ್ಲ. ಅದಲ್ಲದೆ ನಮ್ಮ ರೋಗಿಗಳು ಬೆಂಗಳೂರಿಗೆ ಹೋಗುವುದಿಲ್ಲ. ಕಲಬುರಗಿಯವರು ಹೈದರಾಬಾದ್ ಇಲ್ಲವೆ ಸೊಲ್ಲಾಪುರಕ್ಕೆ, ಬೀದರಿನವರು ಹೈದರಾಬಾದಿಗೆ, ಔರಾದಿನವರು ಉದಗೀರ, ಲಾತೂರಿಗೆ ಹೋಗುತ್ತಾರೆ. ರಾಜ್ಯದ ಗಡಿ ದಾಟಿದ ರೋಗಿಯ ಸುದ್ದಿ ಹಿಂದಿರುಗಿ ನಮ್ಮ ವಾರ್ಡಿಗೆ ಬರುವುದಿಲ್ಲ. ಮೈಲಾಪುರದ ಜಾತ್ರೆ, ಶರಣಬಸವೇಶ್ವರರ ರಥೋತ್ಸವ, ಬಂದೇ ನವಾಜರ ಉರುಸಿಗೆ ಸೇರುವ ಜನಸಾಗರವನ್ನೂ ಇದರ ಜೊತೆ ಲೆಕ್ಕಕ್ಕೆ ಹಿಡಿಯಬೇಕು.

ಹೀಗಿರುವಾಗ ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ.

ಮೊದಲನೆಯದು, ತರಬೇತಿ ಕನ್ನಡದಲ್ಲಿ, ನಾವು ಕೆಲಸ ಮಾಡುವ ಆಸ್ಪತ್ರೆಯಲ್ಲಿಯೇ ನಡೆಯಲಿ. ವರ್ಷಕ್ಕೆ ಎರಡು ಸಲ ಸಾಕು. ಹತ್ತು ಜನರ ತಂಡ, ಪ್ರತಿಯೊಬ್ಬರ ಕೈಗೂ ಒಂದು ಕಿಟ್, ಪ್ರತಿಯೊಬ್ಬರೂ ತೊಟ್ಟು ಕಳಚಬೇಕು. ಕೈಗವಸಿಗೆ ಬಣ್ಣ ಬಳಿದು, ಕಳಚಿದ ಮೇಲೆ ಬಣ್ಣ ಕುತ್ತಿಗೆಗೆ, ಕೆನ್ನೆಗೆ ಎಲ್ಲೆಲ್ಲಿ ತಾಗಿದೆ ಎಂದು ಕನ್ನಡಿಯಲ್ಲಿ ತೋರಿಸಬೇಕು. ಒಮ್ಮೆ ಹಾಗೆ ನೋಡಿದವರು ಜೀವಮಾನವಿಡೀ ಮರೆಯುವುದಿಲ್ಲ. ಸ್ವಚ್ಛತಾ ಸಿಬ್ಬಂದಿ, 108 ವಾಹನದ ಚಾಲಕರು, ಲ್ಯಾಬ್ ಟೆಕ್ನಿಷಿಯನ್ನರು, ಗುತ್ತಿಗೆ ನರ್ಸುಗಳು ಅದೇ ಕೋಣೆಯಲ್ಲಿ ನಮ್ಮ ಜೊತೆಗೇ ಕಲಿಯಲಿ. ರಕ್ತ ಚೆಲ್ಲಿದ ನೆಲ ಒರೆಸುವವರಿಗೆ ಬ್ಲೀಚಿಂಗ್ ದ್ರಾವಣವನ್ನು ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಒರೆಸುವ ಮೊದಲು ಎಷ್ಟು ಹೊತ್ತು ಬಿಡಬೇಕು ಎಂದು ಹೇಳದೆ ವೈದ್ಯರಿಗಷ್ಟೇ ಹೇಳಿದರೆ ಆ ತರಬೇತಿ ವ್ಯರ್ಥ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಅನುಮಾನ ಬಂದ ನರ್ಸ್ ನೇರವಾಗಿ ಕರೆ ಮಾಡಲು ಒಂದು ಫೋನ್ ಸಂಖ್ಯೆ ಇರಲಿ, ಇಪ್ಪತ್ತನಾಲ್ಕು ತಾಸೂ ಎತ್ತುವವರಿರಲಿ. ರೋಗಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಘಟಕಗಳು ಈಗಾಗಲೇ ಇವೆ. ರೋಗ ಸರ್ವೇಕ್ಷಣಾ ಕಾರ್ಯಕ್ರಮ 2004ರಿಂದ ನಡೆಯುತ್ತಿದೆ. ಉಪಕೇಂದ್ರದಿಂದ ಒಂದು ನಮೂನೆ, ವೈದ್ಯರಿಂದ ಒಂದು, ಪ್ರಯೋಗಾಲಯದಿಂದ ಒಂದು ಹೋಗುತ್ತವೆ. ವಾರ್ಡಿನ ನರ್ಸ್ ಕಂಡದ್ದು ಹೋಗಲು ದಾರಿಯೆಲ್ಲಿದೆ? ರಾತ್ರಿ ಎರಡು ಗಂಟೆಗೆ ಒಂದೇ ತಾಂಡಾದ ಮೂವರು ಕಣ್ಣುರೆಪ್ಪೆ ಎತ್ತಲಾಗದೆ, ಮಾತು ತೊದಲುತ್ತ, ಜ್ವರವಿಲ್ಲದೆ, ಎಚ್ಚರ ತಪ್ಪದೆ ಬಂದರೆ ಅದು ಆಹಾರದಲ್ಲಿನ ಬೊಟುಲಿಸಂ ವಿಷವಿರಬಹುದು. ಪಾರ್ಶ್ವವಾಯು ಮೂರು ಜನರಿಗೆ ಒಟ್ಟಿಗೆ ಬರುವುದಿಲ್ಲ. ಇದನ್ನು ನಾನು ಹೇಳಿದರೆ ‘ನೀವು ನರ್ಸ್, ರೋಗ ಹೇಳುವುದು ನಿಮ್ಮ ಕೆಲಸವಲ್ಲ’ ಎಂಬ ಮಾತು ಬರುತ್ತದೆ. ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದು ಎಣಿಸಿಲ್ಲ. ರೋಗ ಹೇಳುವ ಅಧಿಕಾರ ನಮಗೆ ಬೇಡ. ಅನುಮಾನ ಹೇಳುವ ಅಧಿಕಾರ ಲಿಖಿತ ಆದೇಶದಲ್ಲಿ ಬೇಕು. ಅನುಮಾನ ಸುಳ್ಳಾದರೆ ಮೆಮೊ ಕೊಡುವುದಿಲ್ಲ, ಎಲ್ಲರೆದುರು ಅವಮಾನ ಮಾಡುವುದಿಲ್ಲ ಎಂಬ ಸಾಲೂ ಅದೇ ಆದೇಶದಲ್ಲಿರಲಿ. ಹತ್ತು ಸುಳ್ಳು ಕರೆಗಳ ಖರ್ಚು ಒಂದು ನಿಜವಾದ ಕರೆ ತಪ್ಪಿಹೋದ ಖರ್ಚಿನ ಮುಂದೆ ಏನೂ ಅಲ್ಲ.

ಇದರ ಜೊತೆಗೆ ಪಶುವೈದ್ಯರನ್ನು ನಮ್ಮ ಬಳಿಗೆ ಕಳುಹಿಸಿ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನಲ್ಲಿಯೇ. ಅಲ್ಲಿನ ಅಧ್ಯಾಪಕರು ತಿಂಗಳಿಗೊಂದು ದಿನ ಒಂದು ತಾಲ್ಲೂಕು ಆಸ್ಪತ್ರೆಗೆ ಬಂದು ಎರಡು ತಾಸು ಮಾತನಾಡಿದರೆ, ಚಿತ್ರ ತೋರಿಸಿದರೆ, ನನ್ನಂತೆ ಮೊಬೈಲಿನಲ್ಲಿ ಆಕಸ್ಮಿಕವಾಗಿ ಕಂಡು ಕಲಿಯುವ ಗತಿ ಬರುವುದಿಲ್ಲ. ಊರಿನಲ್ಲಿ ಕುರಿಗಳು ಸಾಲಾಗಿ ಸತ್ತರೆ ಪಶು ಆಸ್ಪತ್ರೆಗೆ ಬಂದ ಸುದ್ದಿ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಬರಲಿ. ಬಹಳ ಊರುಗಳಲ್ಲಿ ಎರಡು ಕಟ್ಟಡಗಳ ನಡುವೆ ಒಂದು ರಸ್ತೆಯಷ್ಟೇ ಅಂತರ. ಸತ್ತ ಕುರಿಯನ್ನು ಕುಯ್ಯಬೇಡಿ, ಕುಯ್ದರೆ ಗಾಳಿ ತಾಗಿ ರೋಗಾಣು ಬೀಜಾಣುವಾಗುತ್ತದೆ ಎಂದು ಆಶಾ ಕಾರ್ಯಕರ್ತೆ ಹೇಳಿದರೆ ಕುರಿಗಾಹಿಗಳು ಕೇಳುತ್ತಾರೆ. ಆದರೆ ತೊಗಲಿನ ದುಡ್ಡೂ ಅವರಿಗೆ ದೊಡ್ಡದು, ಅದಕ್ಕೆ ಪರಿಹಾರವನ್ನೂ ಸರ್ಕಾರ ಯೋಚಿಸಬೇಕು. ಬಡವನಿಗೆ ಬುದ್ಧಿ ಮಾತ್ರ ಹೇಳಿದರೆ ಆಗದು.

ಸಾಮಾನುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎನ್95 ಮಾಸ್ಕುಗಳು ಒಂದೇ ಅಳತೆಯವು ಬರುತ್ತವೆ. ಸಣ್ಣ ಮುಖದ ಹುಡುಗಿಯರಿಗೆ ಕೆನ್ನೆಯ ಪಕ್ಕ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಎರಡು ಮೂರು ಅಳತೆಗಳಲ್ಲಿ ತರಿಸಿ. ತುರ್ತು ಚಿಕಿತ್ಸಾ ಘಟಕದಲ್ಲಿ ಸೋಪು ಮತ್ತು ಬೇಸಿಗೆಯಲ್ಲೂ ನಲ್ಲಿಯಲ್ಲಿ ನೀರು ಬೇಕು. ಪ್ರತ್ಯೇಕ ಕೋಣೆ ಎಂದು ಬೋರ್ಡು ಹಾಕಿದ ಕೋಣೆಗೆ ಪ್ರತ್ಯೇಕ ಶೌಚಾಲಯವೂ ಇರಲಿ, ಅದರಲ್ಲಿ ಹಳೆಯ ಮಂಚಗಳನ್ನು ತುಂಬದಿರಲಿ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೆ ಬೇಕಾಗುವುದು ಚಿಟಿಕೆಯಷ್ಟು.

ಸೋಂಕು ತಗುಲಿದ ಗುತ್ತಿಗೆ ನರ್ಸಿಗೆ ಸಂಬಳ ಸಹಿತ ರಜೆಯನ್ನೂ, ಸತ್ತರೆ ಅವಳ ಮನೆಯವರಿಗೆ ಪರಿಹಾರವನ್ನೂ ಶಾಶ್ವತ ನಿಯಮವಾಗಿ ಮಾಡಿ. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ 50 ಲಕ್ಷ ರೂಪಾಯಿಯ ವಿಮೆ ಕೊಟ್ಟಿತ್ತು, ಅದು ಆ ಕಾಯಿಲೆಗೆ ಮಾತ್ರ. ಮುಂದಿನ ಕಾಯಿಲೆಯ ಹೆಸರು ನಮಗಾರಿಗೂ ಗೊತ್ತಿಲ್ಲ. ಜೀವದ ಭಯ ಇರುವವಳು ರೋಗಿಯ ಹತ್ತಿರ ಹೋಗಲು ಹಿಂಜರಿದರೆ ಅವಳನ್ನು ಬೈಯುವ ಮೊದಲು ಅವಳ ಹಿಂದೆ ನಾವು ಏನು ನಿಲ್ಲಿಸಿದ್ದೇವೆ ಎಂದು ಕೇಳಿಕೊಳ್ಳಬೇಕು.

ಕೊನೆಯದಾಗಿ ಒಂದು ಚಿಕ್ಕ ಕೆಲಸ, ಇದಕ್ಕೆ ಹಣವೇ ಬೇಡ. ಕೇಸ್ ಶೀಟನ್ನು ಮುಂದಿನ ಸಲ ಅಚ್ಚು ಹಾಕಿಸುವಾಗ ‘ಉದ್ಯೋಗ’ ಎಂಬ ಸಾಲಿನ ಕೆಳಗೆ ಮೂರು ಪ್ರಶ್ನೆಗಳನ್ನು ಸೇರಿಸಿ. ಈಚೆಗೆ ಸತ್ತ ಅಥವಾ ಕಾಯಿಲೆಯ ಪ್ರಾಣಿಯನ್ನು ಮುಟ್ಟಿದ್ದೀರಾ? ಎಲ್ಲಿಂದ ಪ್ರಯಾಣ ಮಾಡಿ ಬಂದಿರಿ? ಮನೆಯಲ್ಲಿ, ಓಣಿಯಲ್ಲಿ ಇನ್ನಾರಿಗಾದರೂ ಹೀಗಾಗಿದೆಯೇ?

ಈ ತರಬೇತಿಗೆ ಕಲಿಸುವವರು ಸಾಲದು ಎಂಬ ಉತ್ತರ ಬರಬಹುದೆಂದು ಮೊದಲೇ ಬರೆಯುತ್ತಿದ್ದೇನೆ. ನನ್ನಂತೆ ನಿವೃತ್ತರಾದ ಹನ್ನೊಂದು ಮಂದಿ ಶುಶ್ರೂಷಾಧಿಕಾರಿಗಳ ಜೊತೆ ಮಾತನಾಡಿದ್ದೇನೆ, ಮೂರು ಜಿಲ್ಲೆಗಳವರೂ ಇದ್ದಾರೆ. ಇಲಾಖೆ ನಮಗೆ ಮೊದಲು ಒಂದು ವಾರ ಸರಿಯಾಗಿ ಕಲಿಸಿದರೆ, ಬಸ್ ಖರ್ಚಿನ ಹೊರತು ಏನನ್ನೂ ಪಡೆಯದೆ ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗಿ ಕಲಿಸಲು ಎಲ್ಲರೂ ಒಪ್ಪಿದ್ದಾರೆ. ಕುರಿಗಳು ವಲಸೆ ಹೊರಡುವ ಮೊದಲು, ಮುಂಗಾರಿಗೆ ಮುಂಚೆ ಒಂದು ಆಸ್ಪತ್ರೆಯಲ್ಲಾದರೂ ಆರಂಭಿಸಲು ಆದೇಶ ಕೊಡಿ. ಮೊದಲ ತರಗತಿಗೆ ಆ ಕಾಕಾನನ್ನೂ ಅವರ ಮಗನನ್ನೂ ಕರೆಯುತ್ತೇನೆ. ಅವರ ಕೈ ಮೇಲಿನ ಗುರುತು ಇನ್ನೂ ಇದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ,
ಕಲಬುರಗಿ ಜಿಲ್ಲೆ